ಒಡೆದ ಪಿಂಗಾಣಿಗೆ ಒಂದು ಬೋಗುಣಿ ಮರಳು

ಕಪ್ಪಿನ ಹಿಡಿ ಮುರಿದ ತಕ್ಷಣ ಫೆವಿಕ್ವಿಕ್ ಹುಡುಕಿಕೊಂಡು ಓಡಬೇಡಿ. ಈಗಿನ ಮಕ್ಕಳದ್ದು ಇದೇ ಗೋಳು. ಒಂದು ತೊಟ್ಟು ಬಿಟ್ಟು ಒತ್ತುತ್ತಾರೆ, ಹಿಡಿ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ, ಆಮೇಲೆ ಜರುಗಿಸೋಕೆ ಬರಲ್ಲ. ಬೆರಳು ಬೇರೆ ಅಂಟಿಕೊಂಡಿರುತ್ತದೆ! ಪಿಂಗಾಣಿಗೆ ಎರಡು ಟ್ಯೂಬಿನ ಅರಾಲ್ಡೈಟೇ ಸರಿ. ನಿಧಾನಕ್ಕೆ ಬಿಗಿಯುತ್ತದೆ, ಸರಿ ಮಾಡಿಕೊಳ್ಳೋಕೆ ಪುರುಸೊತ್ತು ಕೊಡುತ್ತದೆ.

ಚೂರುಗಳನ್ನು ಸೋಪಿನ ನೀರಲ್ಲಿ ತೊಳೆದು ಬಿಸಿಲಿಗಿಡಿ. ಮುರಿದ ಅಂಚಿಗೆ ಮೇಲಿನ ಹೊಳಪು ಇರಲ್ಲ, ನೀರು ಕುಡಿದಿರುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಪಸೆ. ಉಪ್ಪಿನಕಾಯಿ ಜಾಡಿ ತೊಳೆದಾಗಲೂ ಅಷ್ಟೇ, ನೆಲಕ್ಕೆ ಬೋರಲು ಹಾಕಿ ಮರೆತುಬಿಡ್ತೀರಿ, ಆಮೇಲೆ ಮಿಡಿಗೆ ಬೂಸ್ಟು ಬಂತು ಅಂತ ಅಳ್ತೀರಿ. ಓರೆಯಾಗಿ ಇಡಿ, ಗಾಳಿಯಾಡಲಿ. ಇರಲಿ, ಚೂರಿನ ವಿಷಯಕ್ಕೆ ಬರೋಣ. ಅಂಚನ್ನು ಚಾಕುವಿನಿಂದ ಕೆರೆಯಲೇಬೇಡಿ. ಗೋಂದು ಮುಟ್ಟೋ ಮೊದಲು ಸುಮ್ನೆ ಜೋಡಿಸಿ ನೋಡಿ, ಪೆನ್ಸಿಲಿನಲ್ಲಿ ನಂಬರು ಹಾಕಿ. ಕ್ರಮ ತಪ್ಪಿದರೆ ಕೊನೇ ಚೂರಿಗೆ ಜಾಗವೇ ಇರಲ್ಲ.

ಈಗ ಮರಳು. ನಮ್ಮಜ್ಜಿ ಸುಣ್ಣಕ್ಕೆ ಬೆಲ್ಲ ಕಲಸಿ ಅಂಟಿಸುತ್ತಿದ್ದರು. ನೀರು ತಾಗಿದರೆ ಬಿಟ್ಟುಕೊಳ್ಳುತ್ತಿತ್ತು, ಅದು ಬೇಡ. ಆದರೆ ಜಾಡಿ ಮುಚ್ಚಳವನ್ನು ರಾಗಿ ಡಬ್ಬದಲ್ಲಿ ಅರ್ಧ ಹೂತು ಒಣಗಿಸುತ್ತಿದ್ದರಲ್ಲ, ಅದನ್ನು ನಾನು ಬಿಟ್ಟಿಲ್ಲ. ರಾಗಿ ಬದಲು ಮರಳು, ಅಷ್ಟೇ. ಅರಾಲ್ಡೈಟ್ ತಾಗಿದ ಕಾಳು ತಿನ್ನೋಕಾಗುತ್ತಾ? ಅಗಲ ಬೋಗುಣಿಗೆ ಜರಡಿ ಹಿಡಿದ ಒಣ ಮರಳು ತುಂಬಿ. ಕಪ್ಪನ್ನು ಅಡ್ಡ ಮಲಗಿಸಿ ಹೂಳಿ. ಹಿಡಿ ಕೂರೋ ಜಾಗ ನೆಟ್ಟಗೆ ಮೇಲಕ್ಕಿರಬೇಕು. ಗೋಂದಿಲ್ಲದೆ ಹಿಡಿಯನ್ನು ಇಟ್ಟು ಕೈಬಿಡಿ. ತಾನಾಗಿ ನಿಂತರೆ ಸರಿ. ಒಂಚೂರು ವಾಲಿದರೂ ಕಪ್ಪನ್ನು ಹೊರಳಿಸಿ, ಅಡಿಗೆ ಇನ್ನೊಂದು ಚಿಟಿಕೆ ಮರಳು ತಳ್ಳಿ, ಮತ್ತೆ ಕೈಬಿಟ್ಟು ನೋಡಿ. ಬೇಜಾರಾದರೂ ಮಾಡಿ. ಭಾರ ಸೀದಾ ಬಿರುಕಿನ ಮೇಲೇ ಇಳಿದರೆ ಆ ತೂಕವೇ ಒತ್ತಿ ಹಿಡಿಯುತ್ತದೆ. ರಬ್ಬರ್ ಬ್ಯಾಂಡ್ ಒಂದು ಪಕ್ಕಕ್ಕೆ ಎಳೆದು ಕೆಡಿಸುತ್ತದೆ. ಮರಳು ಮಾತ್ರ ಬಿರುಕಿಗಿಂತ ಎರಡು ಬೆರಳು ಕೆಳಗಿರಲಿ.

ಆಮೇಲೆ ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ, ಕಡ್ಡಿಯಲ್ಲಿ ಒಂದೇ ಬಣ್ಣ ಬರೋತನಕ ಕಲಸಿ. ಕೈಗೆ ಪ್ಲಾಸ್ಟಿಕ್ ಕವರ್ ಇರಲಿ. ಒಂದೇ ಅಂಚಿಗೆ, ತೆಳ್ಳಗೆ ಸವರಿ. ರೊಟ್ಟಿಗೆ ಬೆಣ್ಣೆ ಬಳಿದ ಹಾಗೆ ಬಳಿದರೆ ಚೂರು ತೇಲುತ್ತದೆ. ಕೂರಿಸಿ, ಬಿರುಕಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಎಲ್ಲೂ ತಡೆಯಬಾರದು. ಉಕ್ಕಿದ ಅಂಟನ್ನು ಆಗಲೇ ಒರೆಸಿ ಹರಡಬೇಡಿ. ಕಡ್ಡಿಯಲ್ಲಿ ಉಳಿದದ್ದನ್ನು ಆಗಾಗ ಉಗುರಲ್ಲಿ ಚುಚ್ಚಿ ನೋಡಿ, ಅರ್ಧ ಬಿಗಿದಾಗ ಬ್ಲೇಡಿನಲ್ಲಿ ಮೆಲ್ಲಗೆ ಹೆರೆದರೆ ಸಲೀಸಾಗಿ ಎದ್ದುಬರುತ್ತದೆ. ಒಂದು ಹಗಲು, ಒಂದು ರಾತ್ರಿ ಮುಟ್ಟಬೇಡಿ.

ಅಂಟಿಸಿದ ಕಪ್ಪಲ್ಲಿ ಕಾಫಿ ಕುಡಿಯೋಕೆ ಹೋಗಬೇಡಿ. ಬಿಸಿಗೆ ಅಂಟು ಮೆತ್ತಗಾಗಿ, ಹಿಡಿ ಕೈಯಲ್ಲಿ ಉಳಿದು ಕಾಫಿ ತೊಡೆ ಮೇಲೆ ಬೀಳುತ್ತದೆ. ಜಾಡಿಯಾದರೆ ಉಪ್ಪಿನಕಾಯಿ ಬೇಡ, ಗುಂಡಿ, ಸೂಜಿದಾರ ಹಾಕಿಡಿ.