ವೀಲ್‌ಚೇರ್ ಸಮೇತ ಬ್ರಿಟನ್ನಿಗೆ ಬರುವವರಿಗೆ: ಅಳತೆ ಟೇಪು ಕೈಯಲ್ಲಿರಲಿ

ಓದಲೋ ಕೆಲಸಕ್ಕೋ ಬ್ರಿಟನ್ನಿಗೆ ಬರುವ ವೀಲ್‌ಚೇರ್ ಬಳಕೆದಾರರು ಮೊದಲು ಕೇಳುವುದು ಒಂದೇ: ಅಲ್ಲೆಲ್ಲ ರ‍್ಯಾಂಪು, ಲಿಫ್ಟು ಇರುತ್ತದಲ್ಲ? ಬಹಳ ಕಡೆ ಇರುತ್ತದೆ. ಆದರೆ ಆ ಲಿಫ್ಟಿನ ಬಾಗಿಲಲ್ಲಿ ನಿಮ್ಮ ಚೇರು ಹಿಡಿಸುತ್ತದೆಯೇ ಎನ್ನುವುದಕ್ಕೆ ಉತ್ತರ ಕೊಡಬೇಕಾದವರು ನೀವೇ. ಹೊರಡುವ ಮೊದಲು ಐದು ಅಳತೆ ಬರೆದಿಟ್ಟುಕೊಳ್ಳಿ: ಕೈಯಿಂದ ತಳ್ಳುವ ರಿಮ್ಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಒಟ್ಟು ಅಗಲ, ಪಾದ ಫುಟ್‌ಪ್ಲೇಟಿನ ಮೇಲಿಟ್ಟಾಗ ಹೆಬ್ಬೆರಳ ತುದಿಯವರೆಗಿನ ಉದ್ದ, ಕುಷನ್ ಸೇರಿ ಸೀಟಿನ ಎತ್ತರ, ಕೂತಾಗ ಮೊಣಕಾಲಿನ ಎತ್ತರ, ನೀವೂ ಚೇರೂ ಸೇರಿ ತೂಕ. ತೂಕ ಬಿಟ್ಟು ಉಳಿದದ್ದೆಲ್ಲ ಮಿಲಿಮೀಟರಿನಲ್ಲಿರಲಿ, ಇಲ್ಲಿನ ಕಟ್ಟಡ ನಿಯಮಗಳೂ ರೈಲಿನವರೂ ಮಾತಾಡುವುದು ಅದರಲ್ಲೇ. ಬಸ್ಸು ರೈಲುಗಳ ಜಾಗವನ್ನು 700 ಮಿ.ಮೀ. ಅಗಲ, 1200 ಮಿ.ಮೀ. ಉದ್ದದ ಚೇರಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅದಕ್ಕಿಂತ ದೊಡ್ಡ ಪವರ್ ಚೇರ್ ಇದ್ದರೆ ಹತ್ತಿಸಿಕೊಳ್ಳದಿರುವ ಹಕ್ಕು ಅವರಿಗಿದೆ.

ವಿಮಾನದ ವಿಷಯ ಚುಟುಕಾಗಿ. ಕನಿಷ್ಠ 48 ಗಂಟೆ ಮೊದಲು ಏರ್‌ಲೈನಿಗೆ ತಿಳಿಸಿ. ನಡೆಯಲು ಆಗದೇ ಇದ್ದರೆ ಟಿಕೆಟಿನಲ್ಲಿ ಇರಬೇಕಾದ ಕೋಡ್ ಡಬ್ಲ್ಯುಸಿಎಚ್‌ಸಿ. ಅದೇ ಡಬ್ಲ್ಯುಸಿಎಚ್‌ಆರ್ ಎಂದಿದ್ದರೆ ಮೆಟ್ಟಿಲು ಹತ್ತಿ ಸೀಟಿನವರೆಗೆ ನಡೆಯಬಲ್ಲಿರಿ ಎಂದರ್ಥ, ಸೀಟಿಗೆ ಕೂರಿಸುವ ಸಿಬ್ಬಂದಿ ಬರುವುದಿಲ್ಲ. ಚೇರು ಕೊಡುವ ಮುನ್ನ ಕುಷನ್, ಸೈಡ್‌ಗಾರ್ಡ್, ಕಳಚಿ ಬರುವ ಜಾಯ್‌ಸ್ಟಿಕ್ ಕ್ಯಾಬಿನ್ನಿಗೆ ತೆಗೆದುಕೊಳ್ಳಿ. ಬಿಚ್ಚಬಹುದಾದ ಲಿಥಿಯಂ ಬ್ಯಾಟರಿ 300 ವ್ಯಾಟ್-ಅವರ್ ಮೀರಬಾರದು. ಚೇರು ಮುರಿದು ಬಂದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಫೋಟೊ ತೆಗೆದು ದೂರು ಬರೆಸಿ. ಲಿಖಿತ ದೂರಿಗೆ ಕೊನೆಯ ಗಡುವು 7 ದಿನ. ವಿಮಾನ ಪ್ರಯಾಣದ ಪರಿಹಾರ ನಿರ್ಧರಿಸುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದಲ್ಲಿ ಚೇರೂ ಲಗೇಜೇ. ಪರಿಹಾರದ ಮಿತಿ ಒಳ್ಳೆಯ ಪವರ್ ಚೇರಿನ ಬೆಲೆಗಿಂತ ಎಷ್ಟೋ ಕಡಿಮೆ ಇರುವುದರಿಂದ ಚೆಕ್-ಇನ್‌ನಲ್ಲೇ ವಿಶೇಷ ಮೌಲ್ಯ ಘೋಷಣೆ ಮಾಡಿ, ಇಲ್ಲವೇ ಬೇರೆ ವಿಮೆ ಮಾಡಿಸಿ.

ಮನೆ ಹುಡುಕುವಾಗ

ಹೆಚ್ಚು ಏಟು ತಿನ್ನುವುದು ಇಲ್ಲೇ. ಸಾಲುಮನೆಗಳಲ್ಲಿ ಹಳೆಯವು ಜಾಸ್ತಿ: ಬಾಗಿಲಲ್ಲಿ ಮೆಟ್ಟಿಲು, ಒಳಗೆ ಇಕ್ಕಟ್ಟಾದ ಹಾದಿ, ಬಾತ್‌ರೂಮು ಮಹಡಿಯಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಟ್ಟಡ ನಿಯಮದ ಪಾರ್ಟ್ ಎಂ, ಅಂದರೆ ಅಂಗವಿಕಲರೂ ಓಡಾಡುವಂತೆ ಕಟ್ಟಬೇಕೆನ್ನುವ ಭಾಗ, ಹೊಸ ವಾಸದ ಮನೆಗಳಿಗೆ ಅನ್ವಯವಾಗಿದ್ದು 1999ರಲ್ಲಿ. ಅದರ ನಂತರ ಕಟ್ಟಿದ ಮನೆಗಳಲ್ಲಿ ಪ್ರವೇಶದ ಮಟ್ಟದಲ್ಲೇ ಒಂದು ಟಾಯ್ಲೆಟ್ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಏಜೆಂಟಿಗೆ ಮೊದಲ ಪ್ರಶ್ನೆ, ಕಟ್ಟಡ ಯಾವ ಇಸವಿಯದು ಎಂಬುದು. ಇಂಗ್ಲೆಂಡಿನಲ್ಲಿ ಎಂ4(3) ಎಂಬ ವರ್ಗದ ಮನೆ ವೀಲ್‌ಚೇರ್ ಬಳಕೆದಾರರಿಗೆಂದೇ ಕಟ್ಟಿದ್ದು, ಸಿಕ್ಕರೆ ಪುಣ್ಯ.

ಏಜೆಂಟು ‘ಸ್ಟೆಪ್-ಫ್ರೀ’ (ಮೆಟ್ಟಿಲೇ ಇಲ್ಲ) ಎಂದರೆ ನಂಬಬೇಡಿ, ಸುಳ್ಳು ಹೇಳುತ್ತಾರೆಂದಲ್ಲ. ನಡೆಯುವವರಿಗೆ ಒಂದು ಮೆಟ್ಟಿಲು ಕಣ್ಣಿಗೇ ಬೀಳುವುದಿಲ್ಲ. ರಸ್ತೆಯಿಂದ ಮಲಗುವ ಕೋಣೆಯವರೆಗೆ ನಿಲ್ಲಿಸದೆ ವಿಡಿಯೊ ಮಾಡಿ ಕಳಿಸಲು ಹೇಳಿ. ಬಾಗಿಲ ಬಳಿ ಬಂದಾಗ ಟೇಪು ಹಿಡಿದು ತೋರಿಸಬೇಕು. ಬಾಗಿಲ ಹಲಗೆಯ ಅಗಲ ಬೇಡ, ಬಾಗಿಲು 90 ಡಿಗ್ರಿ ತೆರೆದಾಗ ಹಲಗೆಯ ಮುಖದಿಂದ ಎದುರಿನ ಚೌಕಟ್ಟಿನ ಪಟ್ಟಿಯವರೆಗೆ ಉಳಿಯುವ ಜಾಗ ಬೇಕು. ಇಲ್ಲಿನ ಮಾಮೂಲಿ ಒಳಬಾಗಿಲು 762 ಮಿ.ಮೀ. ಹಲಗೆಯದು. ಅದರಲ್ಲಿ ಹಲಗೆಯ ದಪ್ಪ, ಪಟ್ಟಿ ಕಳೆದರೆ ಸಿಗುವುದು 700ರ ಆಸುಪಾಸು. 660 ಅಗಲದ ಚೇರಿಗೆ ಇದು ಸಾಕು ಅನ್ನಿಸಬಹುದು. ರಿಮ್ ಹಿಡಿದ ಬೆರಳಿನ ಗೆಣ್ಣುಗಳು ಒಂದೊಂದು ಬದಿಗೆ ಉಳಿಯುವ 20 ಮಿ.ಮೀ.ನಲ್ಲಿ ಸಿಕ್ಕಿ ತರಚುತ್ತವೆ. ಸಾಲದೇ ಹೋದರೆ ಬಾಗಿಲನ್ನು ಪೂರ್ತಿ ಹೊರಗೆ ಸರಿಸುವ ಆಫ್‌ಸೆಟ್ ಹಿಂಜ್ ಹಾಕಿಸಿದರೆ ಹಲಗೆಯ ದಪ್ಪದಷ್ಟು, ಅಂದರೆ ಸುಮಾರು 35 ಮಿ.ಮೀ., ಜಾಗ ಗಿಟ್ಟುತ್ತದೆ.

ನೇರವಾಗಿ ನುಗ್ಗುವ ಬಾಗಿಲಿಗೂ ಹಜಾರದಿಂದ ತಿರುಗಿ ಹೋಗಬೇಕಾದ ಬಾಗಿಲಿಗೂ ಲೆಕ್ಕ ಬೇರೆ. ಪಾರ್ಟ್ ಎಂ ಪ್ರಕಾರ ತಿರುವಿನ ಬಾಗಿಲಿಗೆ ಹಜಾರ 900 ಇದ್ದರೆ 800 ಬೇಕು. ಹಜಾರ 1050 ಇದ್ದರೆ 775, 1200 ಇದ್ದರೆ 750 ಸಾಕು. ಬಾತ್‌ರೂಮಿನ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂಬುದನ್ನೂ ಕೇಳಿ. ಒಳಕ್ಕೆ ತೆರೆದರೆ ಒಳಹೊಕ್ಕ ಚೇರೇ ಬಾಗಿಲು ಮುಚ್ಚಲು ಬಿಡುವುದಿಲ್ಲ.

ಬಾಗಿಲಲ್ಲಿ ಒಂದು ಮೆಟ್ಟಿಲಿದ್ದರೆ ಮಡಚುವ ರ‍್ಯಾಂಪಿನಿಂದ ನಿಭಾಯಿಸಬಹುದು. 1:12ರ ಇಳಿಜಾರಿನಲ್ಲಿ 150 ಮಿ.ಮೀ. ಮೆಟ್ಟಿಲಿಗೆ 1.8 ಮೀಟರ್ ಉದ್ದದ ರ‍್ಯಾಂಪು. ಅಷ್ಟು ಉದ್ದಕ್ಕೆ ಫುಟ್‌ಪಾತಿನವರೆಗೆ ಜಾಗವಿಲ್ಲ ಎಂದು ಗಿಡ್ಡದ್ದು ಕೊಂಡರೆ ಒಬ್ಬರೇ ಹತ್ತುವಾಗ ಚೇರು ಹಿಂದಕ್ಕೆ ಮಗುಚುತ್ತದೆ, ಬೆನ್ನಿಗೆ ಬ್ಯಾಗು ನೇತುಹಾಕಿದ್ದರಂತೂ ಖಂಡಿತ.

ಬಾಡಿಗೆ ಮನೆಯಲ್ಲಿ ಕಾನೂನು ಎಲ್ಲಿಯವರೆಗೆ ನಿಮ್ಮ ಪರ? ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗೆ ಅನ್ವಯಿಸುವ 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ ಮಾಲೀಕರು ನಿಮಗಾಗಿ ಗೋಡೆ ಒಡೆಯಬೇಕಿಲ್ಲ. ಆದರೆ ನಲ್ಲಿ, ಬಾಗಿಲ ಹಿಡಿಕೆ, ಕರೆಗಂಟೆ, ಎಂಟ್ರಿ ಫೋನ್ ಬದಲಿಸುವುದು ಕಟ್ಟಡದ ಮಾರ್ಪಾಡಿನ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ‘ರೀಸನಬಲ್ ಅಡ್ಜಸ್ಟ್‌ಮೆಂಟ್’ (ನ್ಯಾಯವಾದ ಹೊಂದಾಣಿಕೆ) ಎಂದು ಕೇಳಬಹುದು. ಈ ಎರಡು ಇಂಗ್ಲಿಷ್ ಪದಗಳನ್ನು ಇಮೇಲಿನಲ್ಲಿ ಬರೆಯಿರಿ. ಫೋನಿನಲ್ಲಿ ಆದ ಮಾತಿಗೆ ಬೆಲೆ ಇರುವುದಿಲ್ಲ.

ಸೊಂಟದ ಕೆಳಗೆ ಸ್ಪರ್ಶಜ್ಞಾನ ಇಲ್ಲದವರು ಗಮನಿಸಬೇಕಾದದ್ದು ರೇಡಿಯೇಟರ್. ಚಳಿಗಾಲದಲ್ಲಿ ಗೋಡೆಗಂಟಿದ ಆ ಲೋಹದ ಹಲಗೆಗೆ ಕಾಲು ತಗುಲಿದರೆ ಗೊತ್ತೇ ಆಗದೆ ಚರ್ಮ ಬೇಯುತ್ತದೆ. ಇಕ್ಕಟ್ಟಾದ ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕದಲ್ಲೇ ಅದು ಇರುವುದುಂಟು. ಕವರ್ ಹಾಕಿಸಿ, ಇಲ್ಲವೇ ಅದೊಂದನ್ನು ವಾಲ್ವಿನಲ್ಲಿ ಬಂದ್ ಮಾಡಿ. ಹಳೆಯ ಮನೆಗಳಲ್ಲಿ ಬಿಸಿನೀರಿಗೂ ತಣ್ಣೀರಿಗೂ ಬೇರೆಬೇರೆ ನಲ್ಲಿ. ಬಿಸಿಯದು ಸುಡುವಷ್ಟು ಬರುತ್ತದೆ. ಕಾಲ ಮೇಲೆ ಬಿಟ್ಟುಕೊಳ್ಳುವ ಮೊದಲು ಮೊಣಕೈಯಿಂದ ನೋಡಿ.

ಬಸ್ಸು, ರೈಲು, ಟ್ಯೂಬು

ಲಂಡನ್ನಿನ ಬಸ್ಸುಗಳಲ್ಲಿ ರ‍್ಯಾಂಪು ಮಧ್ಯದ ಬಾಗಿಲಲ್ಲಿ, ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ಮುಂಬಾಗಿಲಲ್ಲಿ. ಸ್ಟಾಪಿನಲ್ಲಿ ಡ್ರೈವರಿಗೆ ಕಾಣುವಂತೆ ಮುಂದೆ ನಿಂತು ಕೈ ತೋರಿಸಿ. ಲಂಡನ್ನಿನಲ್ಲಿ ಮಧ್ಯದ ಬಾಗಿಲ ಪಕ್ಕದ ನೀಲಿ ಗುಂಡಿ ಒತ್ತಿ. ಒಳಗೆ ಹೋದ ಮೇಲೆ ಚೇರಿನ ಬೆನ್ನನ್ನು ಅಲ್ಲಿನ ಮೆತ್ತನೆ ಒರಗುಹಲಗೆಗೆ ತಾಗಿಸಿ, ಬಸ್ಸಿನ ಹಿಂಭಾಗಕ್ಕೆ ಮುಖಮಾಡಿ, ಬ್ರೇಕ್ ಹಾಕಿ. ಹಿಮ್ಮುಖ ಯಾಕೆಂದರೆ ಡ್ರೈವರು ಬ್ರೇಕ್ ಒತ್ತಿದಾಗ ನಿಮ್ಮ ಭಾರವೆಲ್ಲ ಆ ಹಲಗೆಯ ಮೇಲೆ ಬೀಳುತ್ತದೆ. ಕಿಟಕಿಯಾಚೆ ನೋಡಬೇಕೆಂದು ಅಡ್ಡ ನಿಲ್ಲಿಸಿದ ಚೇರು ಮೊದಲ ತಿರುವಿನಲ್ಲೇ ಪಲ್ಟಿ.

ಜಾಗ ಸಾಮಾನ್ಯವಾಗಿ ಒಂದೇ, ಅಲ್ಲಿ ಮಗುವಿನ ತಳ್ಳುಗಾಡಿ ಇದ್ದರೆ ಜಟಾಪಟಿ. 2017ರಲ್ಲಿ ಪೌಲಿ ಎಂಬ ವೀಲ್‌ಚೇರ್ ಬಳಕೆದಾರರ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು: ಡ್ರೈವರು ಒಮ್ಮೆ ಬಾಯಿಮಾತಿಗೆ ಕೇಳಿ ಕೈಬಿಟ್ಟರೆ ಸಾಲದು, ಸಕಾರಣವಿಲ್ಲದೆ ಒಪ್ಪದವರ ಮೇಲೆ ಇನ್ನಷ್ಟು ಒತ್ತಾಯ ತರಬೇಕು. ಬಲವಂತವಾಗಿ ಇಳಿಸಬೇಕು ಎಂದೇನೂ ಹೇಳಿಲ್ಲ. ಆದ್ದರಿಂದ ನೀವು ಪ್ರಯಾಣಿಕರ ಜೊತೆ ವಾದಕ್ಕಿಳಿಯದೆ ಡ್ರೈವರಿಗೇ ಹೇಳಿ. ಲಂಡನ್ ಬಸ್ಸಿನಲ್ಲಿ ವೀಲ್‌ಚೇರಿನವರಿಗೆ ಟಿಕೆಟ್ ಇಲ್ಲ, ಕಾರ್ಡು ತಾಗಿಸುವುದೂ ಬೇಡ.

ರೈಲಿಗೆ ‘ಪ್ಯಾಸೆಂಜರ್ ಅಸಿಸ್ಟ್’ ಎಂಬ ನೆರವಿನ ಸೇವೆಯನ್ನು 2 ಗಂಟೆ ಮೊದಲು ಬುಕ್ ಮಾಡಬಹುದು. ಹತ್ತಿಸುವವರು ಸಿಗುತ್ತಾರೆ, ಕೈಕೊಡುವುದು ಇಳಿಯುವ ಕಡೆ, ಈ ನಿಲ್ದಾಣದವರು ಆ ನಿಲ್ದಾಣಕ್ಕೆ ಫೋನ್ ಮಾಡದೇ ಇದ್ದಾಗ. ರ‍್ಯಾಂಪು ತೆಗೆಯುವ ಮೊದಲೇ ‘ಅಲ್ಲಿಗೆ ತಿಳಿಸಿದಿರಾ, ಯಾವ ಕೋಚ್ ಎಂದು ಹೇಳಿದಿರಾ’ ಎಂದು ಕೇಳಿ, ಒಳಗೆ ಗಾರ್ಡ್ ಸಿಕ್ಕರೆ ಅವರಿಗೂ ಒಂದು ಮಾತು ಹೇಳಿ. ಇದು ಸಂಕೋಚ ಪಡುವ ಜಾಗವಲ್ಲ. ಡಿಸೇಬಲ್ಡ್ ಪರ್ಸನ್ಸ್ ರೈಲ್‌ಕಾರ್ಡ್ ಇದ್ದರೆ ನಿಮಗೂ ಜೊತೆಗಾರರೊಬ್ಬರಿಗೂ ಮೂರನೇ ಒಂದು ಭಾಗ ರಿಯಾಯಿತಿ.

ಟ್ಯೂಬ್ (ಲಂಡನ್ನಿನ ನೆಲದಡಿಯ ರೈಲು) ನಕ್ಷೆಯಲ್ಲಿ ವೀಲ್‌ಚೇರ್ ಚಿಹ್ನೆ ಎರಡು ಬಣ್ಣದಲ್ಲಿರುತ್ತದೆ. ನೀಲಿ ಎಂದರೆ ಬೀದಿಯಿಂದ ರೈಲಿನ ಒಳಗಿನವರೆಗೆ ಮೆಟ್ಟಿಲಿಲ್ಲ. ಬಿಳಿ ಎಂದರೆ ಪ್ಲಾಟ್‌ಫಾರಂವರೆಗೆ ಮಾತ್ರ, ಅಲ್ಲಿಂದ ರೈಲಿಗೆ ಎತ್ತರದ ವ್ಯತ್ಯಾಸವೋ ಕಂದರವೋ ಇರುತ್ತದೆ, ಸಿಬ್ಬಂದಿ ರ‍್ಯಾಂಪು ಹಾಕಬೇಕಾಗಬಹುದು. ಲಂಡನ್ನಿನ ಲಘು ರೈಲಾದ ಡಿಎಲ್‌ಆರ್‌ನಲ್ಲಿ ಎಲ್ಲ ನಿಲ್ದಾಣವೂ ಸಲೀಸು. ಎಲಿಜಬೆತ್ ಲೈನಿನಲ್ಲಿ ಪ್ಲಾಟ್‌ಫಾರಂವರೆಗೆ ಎಲ್ಲ ಕಡೆ ಲಿಫ್ಟೋ ರ‍್ಯಾಂಪೋ ಇದೆ. ಕಂದರ ದಾಟುವಾಗ ಓರೆಯಾಗಿ ಹೋಗಬೇಡಿ, ಒಂದು ಚಿಕ್ಕ ಚಕ್ರ ಮೊದಲು ಬಿದ್ದು ಸಿಕ್ಕಿಕೊಳ್ಳುತ್ತದೆ. ಮನೆ ಬಿಡುವ ಮುನ್ನ ಲಿಫ್ಟ್ ಕೆಟ್ಟಿದೆಯೇ ಎಂದು ಆ್ಯಪಿನಲ್ಲಿ ನೋಡುವುದು ರೂಢಿಯಾಗಲಿ.

ಲಂಡನ್ನಿನ ಕಪ್ಪು ಟ್ಯಾಕ್ಸಿಗಳಿಗೆಲ್ಲ ರ‍್ಯಾಂಪಿದೆ. ವೀಲ್‌ಚೇರಿಗೆಂದು ಹೆಚ್ಚು ಹಣ ಕೇಳುವುದು ಅಪರಾಧ.

ಟಾಯ್ಲೆಟ್

ಬೀಗ ಹಾಕಿದ ಸಾರ್ವಜನಿಕ ಡಿಸೇಬಲ್ಡ್ ಟಾಯ್ಲೆಟ್ಟುಗಳಿಗೆ ದೇಶದಾದ್ಯಂತ ಒಂದೇ ಕೀಲಿ, ಅದಕ್ಕೆ ರೇಡಾರ್ ಕೀ ಎನ್ನುತ್ತಾರೆ. ಬಂದ ವಾರವೇ ಕೊಳ್ಳಿ. ನಕಲಿ ಕೀಲಿಗಳು ಕೆಲವು ಬೀಗದಲ್ಲಿ ತಿರುಗುವುದಿಲ್ಲ, ಡಿಸೆಬಿಲಿಟಿ ರೈಟ್ಸ್ ಯುಕೆ ಮಾರುವ ಅಸಲಿಯೇ ಇರಲಿ. ಒಳಗೆ ಹೋದೊಡನೆ ಕೆಂಪು ಹಗ್ಗ ನೋಡಿ. ಅದು ನೆಲದ ಹತ್ತಿರದವರೆಗೆ ಇಳಿಬಿದ್ದಿರಬೇಕು, ಒಂದು ಬಳೆ ನೆಲದಿಂದ 100 ಮಿ.ಮೀ. ಎತ್ತರದಲ್ಲಿ. ಬಿದ್ದವರಿಗೆ ಎಟುಕಲೆಂದೇ ಆ ಎತ್ತರ. ನೆಲ ಒರೆಸುವವರು ಅಡ್ಡವೆಂದು ಮೇಲಕ್ಕೆ ಕಟ್ಟಿರುತ್ತಾರೆ, ಬಿಚ್ಚಿಬಿಡಿ. ನಿಯಮದಂತೆ ಕಟ್ಟಿದ ಟಾಯ್ಲೆಟ್‌ನಲ್ಲಿ ಕಮೋಡಿನ ಮೇಲೆ ಕೂತೇ ಚಿಕ್ಕ ಬೇಸಿನ್ನಿನ ನಲ್ಲಿ ಎಟುಕುತ್ತದೆ. ನೀರು ಬೇಕೆನ್ನುವ ನಮ್ಮವರಿಗೆ ಒಂದು ಪುಟ್ಟ ಬಾಟಲಿ ಇದ್ದರೆ ಕೆಲಸ ಆಯಿತು. ಎತ್ತಿ ಕೂರಿಸುವ ಹಾಯ್ಸ್ಟ್ ಯಂತ್ರ ಬೇಕಾದವರು ‘ಚೇಂಜಿಂಗ್ ಪ್ಲೇಸಸ್’ ಎಂಬ ದೊಡ್ಡ ಟಾಯ್ಲೆಟ್ ಹುಡುಕಿ.

ಕಾಗದಪತ್ರ, ಹಣ

ವೀಸಾದ ಮೇಲೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರಕಾರಿ ಭತ್ಯೆ ಪಡೆಯುವಂತಿಲ್ಲ) ಎಂದಿದ್ದರೆ ಅಂಗವಿಕಲರಿಗೆ ಸರಕಾರ ಕೊಡುವ ಪಿಐಪಿ ಭತ್ಯೆಗೆ ಅರ್ಜಿ ಹಾಕಬೇಡಿ. ಹಾಕಿ ನೋಡೋಣ ಅನ್ನುವ ವಿಷಯವಲ್ಲ, ವೀಸಾ ಷರತ್ತು ಮುರಿದಂತಾಗುತ್ತದೆ. ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮಾತ್ರ ಆ ಪಟ್ಟಿಯಲ್ಲಿಲ್ಲ. ಜಿಪಿ (ಸ್ಥಳೀಯ ವೈದ್ಯರು) ಬಳಿ ನೋಂದಾಯಿಸಿಕೊಂಡು ವೀಲ್‌ಚೇರ್ ಸರ್ವಿಸ್‌ಗೆ ರೆಫರಲ್ ಕೇಳಿ. ಕಾಯಬೇಕಾಗುತ್ತದೆ, ಹಾಗಾಗಿ ಚೇರು ಹಾಳಾಗುವ ಮೊದಲೇ ಕೇಳಿ.

ಅಂಗವಿಕಲರ ಪಾರ್ಕಿಂಗಿನ ಬ್ಲೂ ಬ್ಯಾಡ್ಜ್ ಕೊಡುವುದು ಸ್ಥಳೀಯ ಕೌನ್ಸಿಲ್. ಇಂಗ್ಲೆಂಡಿನಲ್ಲಿ ಶುಲ್ಕ 10 ಪೌಂಡಿನವರೆಗೆ, ವೇಲ್ಸ್‌ನಲ್ಲಿ ಉಚಿತ. ಪಿಐಪಿ ಇಲ್ಲದವರ ಸ್ಥಿತಿ ಪರಿಶೀಲಿಸಿ ನಿರ್ಧರಿಸುತ್ತಾರೆ. ಭಾರತದ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಇಲ್ಲಿ ನಡೆಯುವುದಿಲ್ಲ. ರೋಗದ ಹೆಸರು ಮಾತ್ರ ಬರೆದ ಪತ್ರವೂ ಸಾಲದು. ಎಷ್ಟು ಮೀಟರ್ ನಡೆಯಬಲ್ಲರು, ಎಷ್ಟು ಹೊತ್ತು ಹಿಡಿಯುತ್ತದೆ, ಸ್ಥಿತಿ ಶಾಶ್ವತವೇ ಎಂಬುದನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದ ತಜ್ಞರ ಪತ್ರವನ್ನು ಊರಿನಿಂದಲೇ ತನ್ನಿ. ಬ್ಯಾಡ್ಜ್ ನಿಮ್ಮದು, ಕಾರಿನದಲ್ಲ. ಗೆಳೆಯರ ಕಾರಿನಲ್ಲಿ ನೀವಿದ್ದರೆ ಅದಕ್ಕೂ ನಡೆಯುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಹಳದಿ ಗೆರೆಯ ಮೇಲೆ, ಲೋಡಿಂಗ್ ನಿಷೇಧ ಇಲ್ಲದ ಕಡೆ, 3 ಗಂಟೆ ನಿಲ್ಲಿಸಬಹುದು. ಬ್ಯಾಡ್ಜಿನ ಜೊತೆ ಕೊಡುವ ನೀಲಿ ರಟ್ಟಿನ ಗಡಿಯಾರದ ಮುಳ್ಳು ಬಂದ ಹೊತ್ತಿಗೆ ತಿರುಗಿಸಿಡದಿದ್ದರೆ ದಂಡ.

ಚೇರು, ಕುಷನ್, ರಿಪೇರಿ ಯಾವುದಕ್ಕೂ ಹಣ ಕೊಡುವ ಮೊದಲು ವ್ಯಾಟ್ ರಿಲೀಫ್ ಫಾರ್ಮ್ ಕೇಳಿ. ದೀರ್ಘಕಾಲದ ಅಂಗವೈಕಲ್ಯವಿದೆ ಎಂದು ಸಹಿ ಮಾಡಿದರೆ 20% ತೆರಿಗೆ ಬೀಳುವುದಿಲ್ಲ. ಕೊಂಡಾದ ಮೇಲೆ ವಾಪಸ್ ಪಡೆಯಲು ಅಲೆದಾಡಬೇಕಾಗುತ್ತದೆ.

ಚಳಿಗಾಲದ ಚೇರು

ಮಳೆಯಲ್ಲಿ ಅಲ್ಯುಮಿನಿಯಂ ರಿಮ್ ಜಾರುತ್ತದೆ, ಇಳಿಜಾರಿನಲ್ಲಿ ಕೈಯಿಂದ ನಿಲ್ಲಿಸಲು ಆಗುವುದಿಲ್ಲ. ಅಂಗೈಗೆ ರಬ್ಬರ್ ಇರುವ ಕೈಗವಸು ಬೇಕು, ಉಣ್ಣೆಯದಲ್ಲ. ಕುಷನ್ ಒದ್ದೆಯಾದರೆ ಅದೇ ದಿನ ಕವರ್ ಬದಲಿಸಿ. ಒದ್ದೆ ಚರ್ಮ ಬೇಗ ಹುಣ್ಣಾಗುತ್ತದೆ. ಬ್ಯಾಟರಿ ಚಳಿಗೆ ಕಡಿಮೆ ದೂರ ಎಳೆಯುತ್ತದೆ, ಚಾರ್ಜು ಮನೆಯೊಳಗೇ ಮಾಡಿ. ಊರಿನ ಚಾರ್ಜರ್ 230 ವೋಲ್ಟಿನದೇ ಆದ್ದರಿಂದ ಪ್ಲಗ್ಗಿನ ಆಕಾರ ಒಂದೇ ತೊಡಕು.

ಪಾರ್ಕಿಂಗ್ ಬ್ರೇಕ್ ಹಿಡಿಯುತ್ತಿಲ್ಲ ಎನಿಸಿದರೆ ಮೊದಲು ಗಾಳಿ ನೋಡಿ. ಟೈರು ಮೆತ್ತಗಾದರೆ ಬ್ರೇಕಿನ ಪಟ್ಟಿ ತಾಗುವುದೇ ಇಲ್ಲ. ಪಿಎಸ್‌ಐ ಎಷ್ಟೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹಿಮ ಬೀಳುವ ಮುನ್ಸೂಚನೆ ಇದ್ದಾಗ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಮುಂದಿನ ಚಿಕ್ಕ ಚಕ್ರದ ಬೇರಿಂಗಿಗೆ ಹೊಕ್ಕು ತುಕ್ಕು ಹಿಡಿಸಿ ಚಕ್ರ ಗಡಗಡ ಅಲ್ಲಾಡುವಂತೆ ಮಾಡುತ್ತದೆ. ಮನೆಗೆ ಬಂದೊಡನೆ ಒದ್ದೆ ಬಟ್ಟೆಯಿಂದ ಫೋರ್ಕು, ಆ್ಯಕ್ಸಲ್ ಒರೆಸಿ, ಒಣಗಿಸಿ, ಅಲ್ಲಿ ಸುತ್ತಿಕೊಂಡ ಕೂದಲನ್ನು ಚಿಮಟದಿಂದ ತೆಗೆಯಿರಿ. ಬೇರಿಂಗ್ ಬದಲಿಸಬೇಕಾದರೆ ಅದರ ಮೇಲೇ 608 ಎಂಬಂತಹ ಸಂಖ್ಯೆ ಇರುತ್ತದೆ. 608 ಆದರೆ ಸ್ಕೇಟ್‌ಬೋರ್ಡ್ ಅಂಗಡಿಯಲ್ಲೂ ಸಿಗುತ್ತದೆ.