ಹಿಮ ಮತ್ತು ಕಾಡಿನ ಒಂಟಿತನವನ್ನು ಓದುವ ಬಗೆ

ಹಿಮ ಬೀಳುವ ಸಂಜೆ ಕಾಡಿನ ಅಂಚಿನಲ್ಲಿ ಕುದುರೆ ನಿಲ್ಲಿಸಿದವನ ಕುರಿತು ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ 1923ರಲ್ಲಿ ಪ್ರಕಟಿಸಿದ 16 ಸಾಲಿನ ‘ಸ್ಟಾಪಿಂಗ್ ಬೈ ವುಡ್ಸ್ ಆನ್ ಎ ಸ್ನೋಯಿ ಈವ್ನಿಂಗ್’ ಕವಿತೆಯನ್ನು ಎದುರಿಗಿಟ್ಟುಕೊಳ್ಳಿ. ಹಿಮವೆಂದರೆ ಒಂಟಿತನ ಎಂದು ಮೊದಲೇ ತೀರ್ಮಾನಿಸದೆ, ಅಲ್ಲಿ ಏನೇನು ಇಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ: ಕಾಡಿನ ಒಡೆಯನ ಮನೆ ಹಳ್ಳಿಯಲ್ಲಿದೆ, ಹತ್ತಿರದಲ್ಲಿ ತೋಟದ ಮನೆಯಿಲ್ಲ, ಕೆರೆ ಹೆಪ್ಪುಗಟ್ಟಿದೆ, ವರ್ಷದಲ್ಲೇ ಅತ್ಯಂತ ಕತ್ತಲ ಸಂಜೆಯದು.

ಬಳಿಕ ಸದ್ದನ್ನು ಹುಡುಕಿ. ಕುದುರೆಯ ಗಂಟೆಗಳು ಒಮ್ಮೆ ಅಲುಗುತ್ತವೆ. ಉಳಿದದ್ದು ಮೆಲುಗಾಳಿ ಮತ್ತು ಹಿಮದ ಎಸಳುಗಳ ಸರಿದಾಟ ಮಾತ್ರ. ಹಿಮ ದನಿಯನ್ನು ಹೀರಿಕೊಳ್ಳುವುದು ಕವಿಕಲ್ಪನೆಯಲ್ಲ, ಹೊಸ ಹಿಮದ ಹರಳುಗಳ ನಡುವಿನ ಗಾಳಿಸಂದುಗಳು ಮಾಡುವ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಸದ್ದೇ ಮನುಷ್ಯನನ್ನು ಮನೆಯೊಳಗೆ ಕೂಡಿಹಾಕುವುದನ್ನು ಬಲ್ಲ ನಮಗೆ, ಮೌನವೇ ಗೋಡೆಯಾಗುವ ಈ ಬಗೆ ಅಪರಿಚಿತವಾದ್ದರಿಂದ, ಇಲ್ಲಿ ಓದಿನ ವೇಗವನ್ನು ಬೇಕೆಂದೇ ತಗ್ಗಿಸಬೇಕು.

ಕಾಡು ಸುಂದರವೆನ್ನುವ ಸಾಲಿನಲ್ಲಿ ನಿಲ್ಲಿ. ಅಲ್ಲಿ ಒಂಟಿತನ ಅವನನ್ನು ಕರೆಯುತ್ತಿದೆ. ಆ ಸೆಳೆತವನ್ನು ನೇರವಾಗಿ ಸಾವಿನ ಬಯಕೆಯೆಂದು ಓದುವುದು ನನಗೆ ಅವಸರವೆನಿಸುತ್ತದೆ. ಮಲಗುವ ಮುನ್ನ ಇನ್ನೂ ಮೈಲಿಗಟ್ಟಲೆ ಸಾಗಬೇಕು ಎನ್ನುವ ಕೊನೆಯ ಸಾಲು ಎರಡು ಬಾರಿ ಬರುತ್ತದೆ: ಮೊದಲು ಅದನ್ನು ದಾರಿಯ ಲೆಕ್ಕವಾಗಿ, ಮತ್ತೆ ಆಯುಷ್ಯದ ಲೆಕ್ಕವಾಗಿ ಗಟ್ಟಿಯಾಗಿ ಓದಿ ನೋಡಿ.