ಮಳೆಗಾಲದಲ್ಲಿ ಕಾರು ಜಾರದಂತೆ ಓಡಿಸುವುದು

ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಗಿಂತ ಮೊದಲ ಮಳೆಯ ಅರ್ಧ ಗಂಟೆಯೇ ಹೆಚ್ಚು ಅಪಾಯ. ಬೇಸಿಗೆಯ ಎಣ್ಣೆ, ರಬ್ಬರಿನ ಪುಡಿ, ಮುರಕಲ್ಲು (ಕಟ್ಟಡದ ಕೆಂಪು ಕಲ್ಲು) ಸಾಗಿಸುವ ಲಾರಿಗಳಿಂದ ಉದುರಿದ ಕೆಂಪು ಧೂಳು ನೀರಲ್ಲಿ ಕಲಸಿ ರಸ್ತೆ ಪಾಚಿಯಂತಾಗುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತಿರುವುಗಳಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನ ಮಧ್ಯೆ ಬ್ರೇಕ್ ಬೇಡ.

ಈಗ ಟಯರು. ಗೀರುಗಳ ನಡುವೆ ಸಣ್ಣ ಉಬ್ಬು ಇರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಟಯರು ಅದಕ್ಕೆ ಸಮ ಸವೆದರೆ ಕಾನೂನಿನ ಮಿತಿ ಮುಗಿಯಿತು. ನಮ್ಮ ಮಳೆಗೆ ಗೀರಿನ ಆಳ 3 ಮಿಲಿಮೀಟರ್‌ಗೆ ಬರುವಾಗಲೇ ಬದಲಿಸುವುದು ಒಳ್ಳೆಯದು. ಗಾಳಿಯ ಲೆಕ್ಕ ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿದೆ. ಟಯರು ತಣ್ಣಗಿರುವಾಗ ನೋಡಿ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೀರು ನಿಂತಲ್ಲಿ ಸ್ಟಿಯರಿಂಗ್ ಒಮ್ಮೆಲೇ ಹಗುರವಾದರೆ ಟಯರು ನೀರಿನ ಮೇಲೆ ತೇಲುತ್ತಿದೆ ಎಂದರ್ಥ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಬ್ರೇಕ್ ಒತ್ತಬೇಡಿ. ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಮಳೆಯಲ್ಲಿ ಬೇಡವೇ ಬೇಡ.

60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮುಂದಿನ ವಾಹನಕ್ಕೆ ಒಣರಸ್ತೆಯಲ್ಲಿ 3 ಸೆಕೆಂಡು, ಮಳೆಯಲ್ಲಿ 5–6 ಸೆಕೆಂಡು ಅಂತರ ಬಿಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ತುರ್ತಿನಲ್ಲಿ ಬ್ರೇಕ್ ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ನಡುಗುವುದು ಸಹಜ, ಹೆದರಿ ಕಾಲು ತೆಗೆಯಬೇಡಿ.

ಕೊಡಗಿನ ಭಾಗಮಂಡಲದಿಂದ ಕಾಸರಗೋಡಿನ ಪಾಣತ್ತೂರಿಗೆ ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡ. ಎರಡನೇ ಗೇರಿನಲ್ಲಿಳಿದರೆ ಇಂಜಿನ್ನೇ ಕಾರನ್ನು ಹಿಡಿಯುತ್ತದೆ. ಬ್ರೇಕಿನ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ತಣಿಯಲಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ.

ಹಜಾರ್ಡ್ ಲೈಟು (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದು) ನಿಂತ ಕಾರಿಗೆ. ಓಡುವಾಗ ಹೆಡ್‌ಲೈಟಿನ ಲೋ ಬೀಮ್ ಸಾಕು.